ಬೆಸುಗೆಯ ಲೆಕ್ಕ

ನಮ್ಮ ಅಫಜಲಪುರದ ಕಡೆ ಅಕ್ಕಸಾಲಿಗರಿಗೆ ಪತ್ತಾರರೆಂದೇ ಹೆಸರು. ಬೋರಮಾಳವಿರಲಿ, ಬುಗುಡಿಯಿರಲಿ, ಅವರ ಮುಂದೆ ಕುಳಿತ ಹೆಂಗಸರು ಕೇಳುವುದು ಒಂದೇ ಮಾತು: ನಾಳೆ ಮುರಿಸಿದರೆ ಎಷ್ಟು ಉಳಿದೀತು?

ಕೇಳಲೇಬೇಕಾದ ಮಾತು. ಹೊಲ ಮನೆ ಗಂಡಸರ ಹೆಸರಿನಲ್ಲಿದ್ದ ಕಾಲದಲ್ಲಿ ಹೆಣ್ಣಿಗೆ ತನ್ನದೆಂದು ಇದ್ದುದು ಮೈಮೇಲಿನ ಬಂಗಾರವೊಂದೇ. ಸ್ತ್ರೀಧನಕ್ಕೆ ವಿಶಾಲವಾದ ಅರ್ಥ ಕೊಟ್ಟ ಮಿತಾಕ್ಷರದ ವಿಜ್ಞಾನೇಶ್ವರ ನಮ್ಮ ಜಿಲ್ಲೆಯ ಮರತೂರಿನವನೇ ಎನ್ನುತ್ತಾರೆ. ಆ ಧನವನ್ನು ಕಳ್ಳನಿಗಿಂತ ಹೆಚ್ಚಾಗಿ ತಿಂದದ್ದು ಬೆಸುಗೆ.

ಶುದ್ಧ ಬಂಗಾರ ಕರಗುವುದು 1064 ಡಿಗ್ರಿ ಸೆಲ್ಸಿಯಸ್ ಕಾವಿಗೆ. ಎರಡು ತುಂಡು ಕೂಡಿಸಬೇಕಾದರೆ ಒಡವೆಗಿಂತ ಮೊದಲು ಕರಗುವ ಲೋಹ ಬೇಕು. ಅದಕ್ಕಾಗಿ ಬಂಗಾರಕ್ಕೆ ತಾಮ್ರ, ಬೆಳ್ಳಿ ಬೆರೆಸಿ, ಆ ಚೂರನ್ನು ಬಿಳಿಗಾರದೊಂದಿಗೆ ಸಂದಿಯಲ್ಲಿಟ್ಟು ಪತ್ತಾರರು ಊದುಗೊಳವೆಯಿಂದ ಉರಿ ಊದುತ್ತಿದ್ದರು. ಒಡವೆ ಕರಗಿಸಿದಾಗ ಬೆಸುಗೆಯೆಲ್ಲ ಬಂಗಾರದಲ್ಲಿ ಬೆರೆತು ಒರೆ ಇಳಿಯುತ್ತಿತ್ತು. ಟೊಳ್ಳು ಗುಂಡುಗಳ ಸರವಾದರೆ ಸಂದಿಗಳೇ ಹೆಚ್ಚು. ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡನೆಂಬ ಗಾದೆಯಲ್ಲಿ ಅರ್ಧ ಪಾಪ ಈ ಬೆಸುಗೆಯದೇ ಎಂದು ನನಗನಿಸುತ್ತದೆ. ಒರೆಗಲ್ಲೂ ಇದನ್ನು ಹೇಳದು. ಕಲ್ಲಿಗೆ ತಿಕ್ಕಿ, ಗೊತ್ತಿರುವ ಬಂಗಾರದ ಗೀರಿನ ಪಕ್ಕದಲ್ಲಿಟ್ಟು ಆಮ್ಲ ಸವರಿದರೆ ತಿಳಿಯುವುದು ತಿಕ್ಕಿದ ಜಾಗದ ಗುಣವಷ್ಟೇ.

1963ರಲ್ಲಿ ಬಂಗಾರ ನಿಯಂತ್ರಣ ಬಂದು, 14 ಕ್ಯಾರೆಟ್ಟಿಗಿಂತ ಮೇಲಿನ ಹೊಸ ಒಡವೆ ಮಾಡಬಾರದೆಂದಾಗ ದೇಶದ ಎಷ್ಟೋ ಕುಲುಮೆಗಳು ತಣ್ಣಗಾದವು. ನಿಯಂತ್ರಣ ಕಾಯ್ದೆ ಪೂರ್ತಿ ತೊಲಗಿದ್ದು 1990ರಲ್ಲಿ.

ಅಂಗಡಿಯಲ್ಲಿ 'ಕೆ.ಡಿ.ಎಂ. ಇದೆಯೇ?' ಎಂದು ನೀವೂ ಕೇಳಿರಬೇಕು. ಅದು ಬಂಗಾರದ ಜಾತಿಯಲ್ಲ, ಬೆಸುಗೆಯ ಹೆಸರು. 92 ಪಾಲು ಬಂಗಾರಕ್ಕೆ 8 ಪಾಲು ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯಾದ್ದರಿಂದ, ಕರಗಿಸಿದರೂ 22 ಕ್ಯಾರೆಟ್ ಇಳಿಯುವುದಿಲ್ಲ. ನಮಗೆ ಲಾಭವೇ ಆಯಿತು. ಆದರೆ ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಕುಲುಮೆಯ ಮೇಲೆ ಬಗ್ಗಿ ಊದುವವನ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಅದು ವಿಷ. 1993ರಲ್ಲಿ ಅದನ್ನು ಕ್ಯಾನ್ಸರ್‌ಕಾರಕಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಿದರು. ನಮ್ಮ ಸ್ತ್ರೀಧನ ಉಳಿದದ್ದು ಇನ್ನೊಬ್ಬ ಹೆಣ್ಣುಮಗಳ ಗಂಡನ ಉಸಿರಿನ ಬೆಲೆಗೆ. ಈಗ ಹಾಲ್‌ಮಾರ್ಕ್ ಒಡವೆಯಲ್ಲಿ ಕ್ಯಾಡ್ಮಿಯಂಗೆ ಎಡೆಯಿಲ್ಲ. ಕೇಳಬೇಕಾದದ್ದು 916 ಮತ್ತು ಆರು ಅಕ್ಷರ-ಅಂಕಿಗಳ ಗುರುತು.

ಇನ್ನು ಹೊಸ ಸೊಸೆಯಂದಿರ ಪ್ಲಾಟಿನಂ ಉಂಗುರ. ಕಣ್ಣಿಗೆ ಅದೂ ಬಿಳಿ ಬಂಗಾರವೂ ಒಂದೇ. ಕೈಗೆ ಪ್ಲಾಟಿನಂ ಭಾರ. ಅದು ಕರಗುವುದು 1768 ಡಿಗ್ರಿಗೆ, ಊದುಗೊಳವೆಯ ಉರಿ ಸಾಲದು. ಉಂಗುರ ಹಿಗ್ಗಿಸಲು ಕೊಟ್ಟಾಗ ಯಾವ ಬೆಸುಗೆ ಹಾಕುತ್ತೀರೆಂದು ಕೇಳಿಕೊಳ್ಳಿ. ಬಿಳಿ ಬಂಗಾರದಿಂದ ಬೆಸೆದರೂ ಒಳಗಿನ 950 ಮುದ್ರೆ ಹಾಗೆಯೇ ಇರುತ್ತದೆ.