ಕೆನಡಿ ಜೂನಿಯರ್ ವಿಮಾನ ದುರಂತ: ಎಂಜಿನ್ ಸರಿಯಾಗೇ ಇತ್ತು, ಹಾಗಾದ್ರೆ ಬಿದ್ದಿದ್ದು ಯಾಕೆ?

ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿ ಅವರ ಮಗ ಜಾನ್ ಎಫ್. ಕೆನಡಿ ಜೂನಿಯರ್ (38) 1999ರ ಜುಲೈ 16ರ ರಾತ್ರಿ ವಿಮಾನ ಅಪಘಾತದಲ್ಲಿ ಮೃತಪಟ್ಟರು. ಒಂದೇ ಎಂಜಿನ್‌ನ ಪೈಪರ್ ಸಾರಾಟೋಗ ವಿಮಾನವನ್ನು ಅವರೇ ಓಡಿಸುತ್ತಿದ್ದರು. ಜೊತೆಗಿದ್ದ ಪತ್ನಿ ಕ್ಯಾರೊಲಿನ್ ಮತ್ತು ಆಕೆಯ ಅಕ್ಕ ಲಾರೆನ್ ಕೂಡ ಬದುಕುಳಿಯಲಿಲ್ಲ.

ನ್ಯೂಜೆರ್ಸಿಯಿಂದ ರಾತ್ರಿ 8.38ಕ್ಕೆ ಹೊರಟ ವಿಮಾನ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪಕ್ಕೆ ಹೋಗಬೇಕಿತ್ತು. ಕೊನೆಯ ಹಾದಿ ಪೂರ್ತಿ ಸಮುದ್ರದ ಮೇಲೆ. ಕೆಳಗೆ ಒಂದು ದೀಪವಿಲ್ಲ, ಮೇಲೆ ಕತ್ತಲು, ಸುತ್ತ ಮಬ್ಬು. ಆಕಾಶ ಎಲ್ಲಿ ಮುಗೀತು, ನೀರು ಎಲ್ಲಿ ಶುರುವಾಯ್ತು ಅನ್ನೋದೇ ಕಾಣದ ಸ್ಥಿತಿ.

ಇಂಥ ಹೊತ್ತಲ್ಲಿ ಮೋಸ ಮಾಡೋದು ನಮ್ಮ ಕಿವಿಯೇ. ಒಳಕಿವಿಯ ನಾಳಗಳಲ್ಲಿರುವ ದ್ರವ ದೇಹ ತಿರುಗುವುದನ್ನು ಮೆದುಳಿಗೆ ತಿಳಿಸುತ್ತದೆ. ಆದರೆ ವಿಮಾನ ಒಂದೇ ಸಮನೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿಗೆ ಆ ದ್ರವವೂ ಹೊಂದಿಕೊಂಡುಬಿಡುತ್ತದೆ. ಆಗ ಒಂದು ಕಡೆ ವಾಲಿದ್ದರೂ ನೇರವಾಗಿಯೇ ಹೋಗುತ್ತಿದ್ದೇವೆ ಅನಿಸುತ್ತದೆ. ಇಳಿಯುತ್ತಿದೆ ಅಂತ ಗೊತ್ತಾಗಿ, ವಾಲಿದ್ದನ್ನು ಸರಿಮಾಡದೆ ಮೂತಿ ಮೇಲೆತ್ತಲು ಹೋದರೆ ಸುರುಳಿ ಇನ್ನೂ ಬಿಗಿಯಾಗುತ್ತದೆ. ನಂಬಬೇಕಾದ್ದು ಎದುರಿನ ಉಪಕರಣಗಳನ್ನು ಮಾತ್ರ.

ಅಡಚಣೆ ಇದ್ದದ್ದೂ ಅಲ್ಲೇ. ಕೆನಡಿ ಅವರಿಗೆ ಸುಮಾರು 310 ಗಂಟೆಗಳ ಹಾರಾಟದ ಅನುಭವವಿತ್ತು. ಆದರೆ ಉಪಕರಣ ನೋಡಿಯೇ ಹಾರುವ ಅರ್ಹತೆ ಇನ್ನೂ ಪಡೆದಿರಲಿಲ್ಲ, ತರಬೇತಿ ನಡೆಯುತ್ತಿತ್ತು. ಈ ವಿಮಾನದಲ್ಲಿ ಶಿಕ್ಷಕರಿಲ್ಲದೆ ಹಾರಿದ್ದು ಸುಮಾರು 3 ಗಂಟೆ ಅಷ್ಟೇ. ಅಂದು ತರಬೇತುದಾರರೊಬ್ಬರು ಜೊತೆಗೆ ಬರ್ತೀನಿ ಅಂದಿದ್ದರು. ಒಬ್ಬನೇ ಹೋಗ್ತೀನಿ ಅಂದರು ಕೆನಡಿ. ನೇರವಾಗಿ, ಸಮನಾಗಿ ಹಾರಿಸಬಲ್ಲ ಆಟೋಪೈಲಟ್ ಕೂಡ ವಿಮಾನದಲ್ಲಿತ್ತು ಅನ್ನೋದೇ ಹೆಚ್ಚು ನೋವಿನ ವಿಷಯ.

5,500 ಅಡಿಯಿಂದ ಇಳಿಯುತ್ತಾ ಬಂದ ವಿಮಾನ 2,200 ಅಡಿ ಹತ್ತಿರ ಬಲಕ್ಕೆ ತಿರುಗಿತು, ಸ್ವಲ್ಪ ಮೇಲೇರಿತು, ಎಡಕ್ಕೆ ಹೊರಳಿತು, ಮತ್ತೆ ಬಲಕ್ಕೆ. ಕೊನೆಗೆ ನಿಮಿಷಕ್ಕೆ 4,700 ಅಡಿಗೂ ಹೆಚ್ಚಿನ ವೇಗದಲ್ಲಿ ಕುಸಿಯಿತು. ಆಗ ಸಮಯ ಸುಮಾರು 9.41. ಐದು ದಿನದ ನಂತರ ಮೂವರ ಶವ ಸಮುದ್ರದ ತಳದಲ್ಲಿ ಪತ್ತೆಯಾದವು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2000ರ ಜುಲೈನಲ್ಲಿ ವರದಿ ಕೊಟ್ಟಿತು. ಅವಶೇಷಗಳಲ್ಲಿ ಯಾಂತ್ರಿಕ ದೋಷದ ಕುರುಹು ಸಿಕ್ಕಿರಲಿಲ್ಲ. ದಿಕ್ಕಿನ ಅರಿವು ತಪ್ಪಿ ಪೈಲಟ್ ನಿಯಂತ್ರಣ ಕಳೆದುಕೊಂಡಿದ್ದೇ ಸಂಭವನೀಯ ಕಾರಣ. ಮಬ್ಬು ಮತ್ತು ಕತ್ತಲು ಅದಕ್ಕೆ ಪೂರಕವಾದವು ಎಂದು ವರದಿ ಹೇಳಿತು.