ಮೈಮೇಲೆ ಧರಿಸುವ ನೀರಿನಂಶ ಸಂವೇದಕಗಳು

ವಯಸ್ಸಾದವರ ದೇಹದಲ್ಲಿ ನೀರು ಕಡಿಮೆಯಾಗುತ್ತಿರುವುದನ್ನು ಚರ್ಮದ ಮೇಲಿನಿಂದಲೇ ಗುರುತಿಸಲು ರೂಪಿಸಿರುವ ಕೈಪಟ್ಟಿ, ಅಂಟುಪಟ್ಟಿ ಮುಂತಾದ ಸಾಧನಗಳು. ಇವುಗಳ ಅಗತ್ಯ ಹುಟ್ಟುವುದು ಮುಪ್ಪಿನಿಂದಲೇ. ಬಾಯಾರಿಕೆ ಮಂದವಾಗುತ್ತದೆ, ಮೂತ್ರವನ್ನು ಸಾಂದ್ರಗೊಳಿಸುವ ಮೂತ್ರಪಿಂಡದ ಶಕ್ತಿ ಕುಗ್ಗುತ್ತದೆ, ರಕ್ತದೊತ್ತಡಕ್ಕೆಂದು ನುಂಗುವ ಮೂತ್ರವರ್ಧಕ ಮಾತ್ರೆ ಇನ್ನಷ್ಟು ನೀರನ್ನು ಹೊರಹಾಕುತ್ತದೆ. ರಾತ್ರಿ ಪದೇ ಪದೇ ಏಳಬೇಕಾದೀತೆಂದು ಸಂಜೆಯ ಮೇಲೆ ನೀರನ್ನೇ ಮುಟ್ಟದವರೂ ಉಂಟು. ಕೈಮೇಲಿನ ಚರ್ಮ ಚಿವುಟಿ ನೋಡುವ ಹಳೆಯ ಪರೀಕ್ಷೆಯನ್ನು ವಯಸ್ಸಾದವರಲ್ಲಿ ನಂಬುವಂತಿಲ್ಲ. ಬಿಗಿ ಕಳೆದುಕೊಂಡ ಚರ್ಮ, ನೀರು ಸಾಕಷ್ಟಿದ್ದರೂ ನಿಧಾನವಾಗಿಯೇ ಮೊದಲಿನಂತಾಗುತ್ತದೆ.

ಒಂದು ಬಗೆಯ ಸಂವೇದಕಗಳು ಅರಿವಿಗೆ ಬಾರದಷ್ಟು ಸಣ್ಣ ವಿದ್ಯುತ್ತನ್ನು ಅಂಗಾಂಶದ ಮೂಲಕ ಹಾಯಿಸುತ್ತವೆ. ನೀರು ಕಡಿಮೆಯಾದಂತೆ ಪ್ರತಿರೋಧ ಏರುತ್ತದೆ. ಆದರೆ ಕಾಲಿನ ಬಾವು, ಮಲಗಿದ ಭಂಗಿ, ಚರ್ಮದ ಉಷ್ಣತೆ ಕೂಡ ಅಂಕಿಯನ್ನು ಏರುಪೇರು ಮಾಡುತ್ತವೆ. ಇನ್ನೊಂದು ಬಗೆ ಬೆವರಿನ ಲವಣಗಳನ್ನು ಅಳೆಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ತಂಡ 2016ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ ಕೈಪಟ್ಟಿ ಸೋಡಿಯಂ, ಪೊಟ್ಯಾಸಿಯಂ, ಗ್ಲೂಕೋಸ್, ಲ್ಯಾಕ್ಟೇಟ್‌ಗಳನ್ನು ಒಟ್ಟಿಗೆ ಅಳೆದು ಗಮನ ಸೆಳೆಯಿತು. ಓಟಗಾರರಿಗೆ ಹೇಳಿಮಾಡಿಸಿದಂತಿರುವ ಈ ವಿಧಾನ, ಕುರ್ಚಿಯಲ್ಲೇ ದಿನ ಕಳೆಯುವ, ಬೆವರೇ ಕಡಿಮೆಯಿರುವ ಅಜ್ಜಿಗೆ ಅಷ್ಟಾಗಿ ಒದಗದು.

ಖಚಿತ ನಿರ್ಣಯಕ್ಕೆ ಈಗಲೂ ರಕ್ತಪರೀಕ್ಷೆಯೇ ಆಧಾರ: ಸೀರಮ್ ಆಸ್ಮೊಲಾಲಿಟಿ (ರಕ್ತದ ದ್ರವಭಾಗದಲ್ಲಿ ಕರಗಿರುವ ಕಣಗಳ ಸಾಂದ್ರತೆ) ಪ್ರತಿ ಕಿಲೋಗ್ರಾಂಗೆ 300 ಮಿಲಿಆಸ್ಮೋಲ್ ಮೀರಿದರೆ ವೃದ್ಧರಲ್ಲಿ ಅದನ್ನು ನಿರ್ಜಲೀಕರಣವೆಂದು ಪರಿಗಣಿಸಲಾಗುತ್ತದೆ.