ಸೈನೈಡ್: ಕೋಣನಕುಂಟೆಯ ಮನೆಯೊಳಗಿನ ರಾಜಕೀಯ ಥ್ರಿಲ್ಲರ್

ಬೆಂಗಳೂರು: ಗೂಢಚರ್ಯೆ ಹಾಗೂ ಭಯೋತ್ಪಾದನೆಯನ್ನು ವಸ್ತುವಾಗಿಸಿಕೊಂಡ ಕನ್ನಡದ ರಾಜಕೀಯ ಥ್ರಿಲ್ಲರ್‌ಗಳಲ್ಲಿ 2006ರಲ್ಲಿ ತೆರೆಕಂಡ 'ಸೈನೈಡ್' ಚಿತ್ರಕ್ಕೆ ವಿಶಿಷ್ಟ ಸ್ಥಾನವಿದೆ. ಮಾಜಿ ಪ್ರಧಾನಿ ರಾಜೀವ್ ಗಾಂಧಿ ಹತ್ಯೆಯ ಪ್ರಮುಖ ಸಂಚುಕೋರ ಶಿವರಾಸನ್ ಬೆಂಗಳೂರಿನಲ್ಲಿ ಕಳೆದ ಕೊನೆಯ ದಿನಗಳೇ ಇದರ ಕಥಾವಸ್ತು. ನಿರ್ದೇಶನ ಎ.ಎಂ.ಆರ್. ರಮೇಶ್ ಅವರದು. ಚಿತ್ರವು 'ಕುಪ್ಪಿ' ಎಂಬ ಹೆಸರಿನಲ್ಲಿ ತಮಿಳಿನಲ್ಲಿಯೂ ಬಂದಿತು.

ಹಿನ್ನೆಲೆ

ಕನ್ನಡದ ಓದುಗರಿಗೆ ಪತ್ತೇದಾರಿ ಸಾಹಿತ್ಯ ಹೊಸದಲ್ಲ. ಎನ್. ನರಸಿಂಹಯ್ಯನವರ ಕಾದಂಬರಿಗಳು ಒಂದು ಇಡೀ ಪೀಳಿಗೆಗೆ ಓದಿನ ರುಚಿ ಹತ್ತಿಸಿದವು. ದೊರೆ–ಭಗವಾನ್ ನಿರ್ದೇಶನದ 'ಜೇಡರ ಬಲೆ' (1968) ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಸಿಐಡಿ 999 ಆಗಿ ಕಾಣಿಸಿಕೊಂಡರು. ಆದರೆ ಅಲ್ಲಿನ ಗೂಢಚಾರ ಕಲ್ಪನೆಯ ಕೂಸು. ಅವನ ಗೆಲುವು ಮೊದಲೇ ನಿಶ್ಚಿತ. 1991ರ ಆಗಸ್ಟ್‌ನಲ್ಲಿ ಬೆಂಗಳೂರು ಕಂಡದ್ದು ಅಂಥ ಕಥೆಯನ್ನಲ್ಲ.

ಹತ್ಯೆ ಮತ್ತು ಬೇಟೆ

1991ರ ಮೇ 21ರ ರಾತ್ರಿ ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ ಚುನಾವಣಾ ಪ್ರಚಾರಕ್ಕೆ ಬಂದಿದ್ದ ರಾಜೀವ್ ಗಾಂಧಿಯವರನ್ನು ಎಲ್‌ಟಿಟಿಇಯ ಮಾನವ ಬಾಂಬ್ ಧನು ಹತ್ಯೆಗೈದಳು. ಸ್ಫೋಟದಲ್ಲಿ ಛಾಯಾಗ್ರಾಹಕ ಹರಿಬಾಬು ಸಹ ಮೃತಪಟ್ಟರೂ ಆತನ ಕ್ಯಾಮರಾ ಉಳಿಯಿತು. ಅದರಲ್ಲಿ ದೊರೆತ ಚಿತ್ರಗಳಿಂದಲೇ ಧನುವಿನ ಹಾಗೂ ಕುರ್ತಾ–ಪೈಜಾಮ ತೊಟ್ಟಿದ್ದ ವ್ಯಕ್ತಿಯೊಬ್ಬನ ಸುಳಿವು ಸಿಕ್ಕಿತು. ಆತನೇ ಎಲ್‌ಟಿಟಿಇ ಗುಪ್ತಚರ ವಿಭಾಗದ ಒಕ್ಕಣ್ಣ ಶಿವರಾಸನ್.

ತನಿಖೆಗಾಗಿ ಸಿಬಿಐ ಅಡಿಯಲ್ಲಿ ರಚನೆಯಾದ ವಿಶೇಷ ತನಿಖಾ ತಂಡದ ನೇತೃತ್ವವನ್ನು ಕರ್ನಾಟಕ ಶ್ರೇಣಿಯ ಐಪಿಎಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್ ವಹಿಸಿದರು. ಶಿವರಾಸನ್ ಮತ್ತು ಜಾಫ್ನಾದಲ್ಲಿದ್ದ ಗುಪ್ತಚರ ಮುಖ್ಯಸ್ಥ ಪೊಟ್ಟು ಅಮ್ಮಾನ್ ನಡುವಿನ ವೈರ್‌ಲೆಸ್ ಸಂಕೇತಗಳನ್ನು ತಂಡ ಭೇದಿಸಿತು. ಮದ್ರಾಸಿನಲ್ಲಿ ಶೋಧ ಬಿಗಿಯಾದಾಗ ಶಿವರಾಸನ್ ಮತ್ತು ಶುಭಾ ಟ್ಯಾಂಕರ್ ಲಾರಿಯಲ್ಲಿ ಅಡಗಿ ಬೆಂಗಳೂರು ಸೇರಿದರು.

ನಗರದ ಪೂರ್ವಕ್ಕಿರುವ ಇಂದಿರಾನಗರದಲ್ಲಿಯೂ ಸಂಘಟನೆಯ ಅಡಗುದಾಣವಿದ್ದದ್ದು ತನಿಖೆಯಲ್ಲಿ ಹೊರಬಂದಿತು. ಮಂಡ್ಯ ಜಿಲ್ಲೆಯ ಮುತ್ತತ್ತಿ ಮತ್ತು ಬಿರೋಟಾ ಗ್ರಾಮಗಳಲ್ಲಿ ಪೊಲೀಸರು ದಾಳಿ ನಡೆಸಿದಾಗ ಅಲ್ಲಿ ತಂಗಿದ್ದ ಹಲವು ಉಗ್ರರು ಸೈನೈಡ್ ಸೇವಿಸಿ ಪ್ರಾಣ ಬಿಟ್ಟರು.

ಮೂವತ್ತಾರು ಗಂಟೆಗಳ ಕಾಯುವಿಕೆ

ಆಗಸ್ಟ್ 18ರ ಸಂಜೆ ಕನಕಪುರ ರಸ್ತೆ ಬಳಿಯ ಕೋಣನಕುಂಟೆಯ ಮನೆಯೊಂದರಲ್ಲಿ ಶಿವರಾಸನ್ ಇರುವುದು ಖಚಿತವಾಯಿತು. ಜೀವಂತವಾಗಿ ಹಿಡಿಯಬೇಕೆಂಬ ಉದ್ದೇಶದಿಂದ ಕಮಾಂಡೋಗಳು ಸೈನೈಡ್‌ಗೆ ಪ್ರತಿವಿಷ ಬರುವವರೆಗೆ ಕಾದರು. ಸುಮಾರು 36 ಗಂಟೆಗಳ ನಂತರ, ಆಗಸ್ಟ್ 20ರ ಮುಂಜಾನೆ, ಅಂದರೆ ರಾಜೀವ್ ಗಾಂಧಿ ಜನ್ಮದಿನದಂದೇ, ಒಳನುಗ್ಗಿದಾಗ ಶಿವರಾಸನ್, ಶುಭಾ ಸೇರಿ ಏಳು ಮಂದಿ ಹೆಣವಾಗಿದ್ದರು. ಶಿವರಾಸನ್ ತಲೆಗೆ ಗುಂಡು ಹಾರಿಸಿಕೊಂಡಿದ್ದ.

ಈ ವಿಳಂಬ ಇಂದಿಗೂ ಚರ್ಚೆಯ ವಸ್ತು. ಪ್ರಭಾಕರನ್ ಮತ್ತು ಪೊಟ್ಟು ಅಮ್ಮಾನ್ ಎಂದೂ ಭಾರತದ ನ್ಯಾಯಾಲಯದ ಮುಂದೆ ಬರಲಿಲ್ಲ. ಸಂಚು ರೂಪಿಸಿದವರಿಗೂ ನೆಲದ ಮೇಲಿದ್ದವರಿಗೂ ನಡುವಿನ ಮುಖ್ಯ ಕೊಂಡಿ ಆ ಮನೆಯಲ್ಲಿಯೇ ಕಳಚಿತು.

ಚಿತ್ರದ ವೈಶಿಷ್ಟ್ಯ

ಶಿವರಾಸನ್ ಪಾತ್ರದಲ್ಲಿ ರವಿ ಕಾಳೆ, ಶುಭಾ ಆಗಿ ಮಾಳವಿಕಾ, ಆಶ್ರಯ ನೀಡಿದ ದಂಪತಿಯಾಗಿ ರಂಗಾಯಣ ರಘು ಹಾಗೂ ತಾರಾ ನಟಿಸಿದ್ದಾರೆ. ತನಿಖೆಯ ಸಾಹಸಕ್ಕಿಂತ ಹೆಚ್ಚಾಗಿ ಮುಚ್ಚಿದ ಬಾಗಿಲಿನ ಒಳಗಿನ ಆತಂಕವೇ ಚಿತ್ರದ ಜೀವಾಳ. ಬಂದೂಕು ಹಿಡಿದ ಅತಿಥಿಗಳಿರುವ ಮನೆಯಲ್ಲಿ ಒಲೆ ಹಚ್ಚಬೇಕಾದ ಗೃಹಿಣಿಯ ಭೀತಿಯನ್ನು ತಾರಾ ಪಾತ್ರ ಹೇಳುತ್ತದೆ. ಅಂತ್ಯ ಎಲ್ಲರಿಗೂ ತಿಳಿದಿದ್ದರೂ ಪ್ರೇಕ್ಷಕ ಕೊನೆಯವರೆಗೆ ಕದಲದೆ ಕೂರುವುದು ಇದರಿಂದಲೇ.

ಇದೇ ಪ್ರಕರಣವನ್ನು ಆಧರಿಸಿ ಮಲಯಾಳಂನಲ್ಲಿ 'ಮಿಷನ್ 90 ಡೇಸ್' (2007) ಬಂದಿತು. ಹಿಂದಿಯ 'ಮದ್ರಾಸ್ ಕೆಫೆ' (2013) ಇದರ ಛಾಯೆಯಲ್ಲಿ ರೂಪುಗೊಂಡಿತು. ಅನಿರುದ್ಧ ಮಿತ್ರ ಅವರ ಪುಸ್ತಕ ಆಧರಿಸಿದ 'ದಿ ಹಂಟ್' ಸರಣಿ 2025ರಲ್ಲಿ ಪ್ರಸಾರವಾಯಿತು. ಇವು ಬೇಟೆಗಾರರ ಕಥೆಗಳು. 'ಸೈನೈಡ್' ಅಡಗುದಾಣದ ಕಥೆ.

ನ್ಯಾಯಾಲಯದಲ್ಲಿ

1998ರ ಜನವರಿ 28ರಂದು ಟಾಡಾ ನ್ಯಾಯಾಲಯ 26 ಮಂದಿಗೆ ಮರಣದಂಡನೆ ವಿಧಿಸಿತು. 1999ರ ಮೇ 11ರಂದು ಸುಪ್ರೀಂ ಕೋರ್ಟ್ ನಾಲ್ವರ ಮರಣದಂಡನೆಯನ್ನಷ್ಟೇ ಎತ್ತಿಹಿಡಿದು, ಮೂವರಿಗೆ ಜೀವಾವಧಿ ವಿಧಿಸಿ, 19 ಮಂದಿಯನ್ನು ಕೊಲೆ ಆರೋಪದಿಂದ ಮುಕ್ತಗೊಳಿಸಿತು. ಈ ಹತ್ಯೆ ಟಾಡಾ ಕಾಯ್ದೆಯ ಅರ್ಥದಲ್ಲಿ ಭಯೋತ್ಪಾದಕ ಕೃತ್ಯವಲ್ಲವೆಂದೂ ಅದೇ ತೀರ್ಪು ಹೇಳಿತು. ಜನ ಬಳಸುವ ಪದಕ್ಕೂ ಕಾನೂನಿನ ಅರ್ಥಕ್ಕೂ ಇರುವ ಈ ಅಂತರ ಯಾವ ಥ್ರಿಲ್ಲರ್‌ನಲ್ಲಿಯೂ ಅಷ್ಟಾಗಿ ಕಾಣಿಸದು. ನಾಲ್ವರ ಮರಣದಂಡನೆಯೂ ಮುಂದೆ ಜೀವಾವಧಿಗೆ ಇಳಿಯಿತು. ಶಿಕ್ಷೆ ಅನುಭವಿಸುತ್ತಿದ್ದ ಏಳೂ ಮಂದಿ 2022ರಲ್ಲಿ ಬಿಡುಗಡೆಗೊಂಡರು.